ದೂರದ ಓಟದಲ್ಲಿ ಹುಡುಗಿಯರ ಶಕ್ತಿಯನ್ನು ಅಳೆಯುವ ಕ್ರಮ

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಈ ಐದು ತಾಲೂಕುಗಳಲ್ಲಿ ವರುಷಕ್ಕೊಮ್ಮೆ ಶಾಲೆಗಳ ಕ್ರೀಡಾಕೂಟಗಳು ನಡೆಯುತ್ತವೆ. ಅವುಗಳಲ್ಲಿ ಒಬ್ಬ ಹುಡುಗಿಯು ಉಳಿದವರನ್ನು ಬಹು ದೂರ ಹಿಂದೆ ಬಿಟ್ಟು ಬಂದರೆ, ನೋಡುವವರೆಲ್ಲರೂ ಅವಳು ಮುಂದೆ ನಾಡಿಗೆ ಹೆಸರು ತರುವಳೆಂದು ಹೇಳುವದುಂಟು. ಐದನೆಯವಳಾಗಿ ಬಂದವಳನ್ನು ಯಾರೂ ವಿಚಾರಿಸುವದಿಲ್ಲ. ಮೂರು ವರುಷಗಳಾದ ಮೇಲೆ ನೋಡಿದರೆ, ಮೊದಲನೆಯವಳು ಓಟವನ್ನೇ ಬಿಟ್ಟಿರುವಳು. ಐದನೆಯವಳಿಗೆ ಓಡಲಿಕ್ಕೆ ಎಡೆಯೇ ದೊರೆತಿರುವದಿಲ್ಲ. ಹೀಗೆ ಎರಡು ಶಕ್ತಿಗಳು ನಷ್ಟವಾಗುವವು. ಈ ನಷ್ಟಕ್ಕೆ ಕಾರಣವೇನೆಂಬದನ್ನೂ ಅದನ್ನು ತಪ್ಪಿಸುವ ಬಗೆಯನ್ನೂ ಹಳೆಯ ವಿದ್ಯಾರ್ಥಿನಿಯರ ಮತ್ತು ತಾಯಿತಂದೆಗಳ ಮುಂದೆ ಇಡಬೇಕೆಂದು ನಾವು ಈ ಪಾಠವನ್ನು ಬರೆಯುತ್ತೇವೆ.

ದೂರದ ಓಟವು ನಮ್ಮ ಜಿಲ್ಲೆಗೆ ಹೊಸದಲ್ಲ. ಬೆಳಗಾವಿಯ ಫಡೆಪ್ಪ ದರೆಪ್ಪ ಚೌಗುಲೆಯವರು 1920ರಲ್ಲಿ ಆಂಟ್ವರ್ಪ್ ಪಟ್ಟಣದ ಒಲಿಂಪಿಕ್ ಪಂದ್ಯಗಳಲ್ಲಿ ಮ್ಯಾರಥಾನ್ ಓಡಿ, 42.75 ಕಿಲೋಮೀಟರನ್ನು 2 ತಾಸು 50 ನಿಮಿಷಗಳ ಮೇಲೆ ಕೆಲವು ಸೆಕೆಂಡುಗಳಲ್ಲಿ ಮುಗಿಸಿ 19ನೆಯವರಾದರು. ಅದಕ್ಕೆ ಮುಂಚೆ ಪುಣೆಯ ಡೆಕ್ಕನ್ ಜಿಮಖಾನೆಯ ಕೂಟದಲ್ಲಿ ಬರಿಗಾಲಿನಿಂದ ಓಡಿದ ಯುವಕರನ್ನು ಸರ್ ದೊರಾಬ್ಜಿ ಟಾಟಾರವರು ಕಂಡು, ಅವರು ತೆಗೆದುಕೊಂಡ ಕಾಲವನ್ನು ಯುರೋಪಿನವರ ಕಾಲದೊಂದಿಗೆ ಹೋಲಿಸಿದ್ದರಿಂದಲೇ ನಮ್ಮವರು ಅಲ್ಲಿಗೆ ಹೋಗುವಂತಾಯಿತು. ಉಡುಪನ್ನೂ ಊರನ್ನೂ ನೋಡದೆ ಗಡಿಯಾರವನ್ನು ನೋಡಿದ್ದು ಅಲ್ಲಿಯ ವಿಶೇಷ.

ಹೆಣ್ಣುಮಕ್ಕಳ ವಿಷಯದಲ್ಲಿಯಾದರೋ ಲೋಕವು ಬಹುಕಾಲ ಹೀಗೆ ನಡೆಯಲಿಲ್ಲ. 1928ರಲ್ಲಿ ಆಮ್ಸ್ಟರ್‌ಡ್ಯಾಮಿನಲ್ಲಿ ಸ್ತ್ರೀಯರು ಮೊದಲ ಸಾರಿ 800 ಮೀಟರ್ ಓಡಿದರು. ಅಂತಿಮ ಓಟಕ್ಕೆ ನಿಂತ ಒಂಬತ್ತು ಮಂದಿಯೂ ಓಟವನ್ನು ಮುಗಿಸಿದರು. ಜರ್ಮನಿಯ ಲೀನಾ ರಾಡ್ಕೆಯವರು ಜಯಿಸಿದರು. ಆದರೂ ಅವರೆಲ್ಲರು ಕುಸಿದು ಬಿದ್ದರೆಂದು ಪತ್ರಿಕೆಗಳು ಉತ್ಪ್ರೇಕ್ಷೆಯಿಂದ ಬರೆದವು. ಫಲವಾಗಿ 1960ರ ವರೆಗೆ, ಅಂದರೆ 32 ವರುಷ, ಆ ಓಟವು ಸ್ತ್ರೀಯರಿಗೆ ಇಲ್ಲವಾಯಿತು. 1500 ಮೀಟರು 1972ರಲ್ಲಿಯೂ ಮ್ಯಾರಥಾನು 1984ರಲ್ಲಿಯೂ ಬಂದವು. ಅಳತೆಯನ್ನು ಬಿಟ್ಟು ಊಹೆಯಿಂದ ತೀರ್ಪು ಕೊಟ್ಟರೆ ಎಷ್ಟು ಹಾನಿಯೆಂಬದಕ್ಕೆ ಇದಕ್ಕಿಂತ ದೊಡ್ಡ ನಿದರ್ಶನ ಬೇಡ.

ಇನ್ನು ಅಳೆಯುವದು ಹೇಗೆ? ನೋಡತಕ್ಕ ಸಂಗತಿಗಳು ಐದು.

ಮೊದಲನೆಯದು ಬೆಳವಣಿಗೆ. ಎಂಟನೆಯ ತರಗತಿಯ ಒಂದೇ ಬೆಂಚಿನ ಮೇಲೆ ಕೂತ ಇಬ್ಬರು ಹುಡುಗಿಯರಲ್ಲಿ ಒಬ್ಬಳ ಶರೀರವು ಮತ್ತೊಬ್ಬಳದಕ್ಕಿಂತ ಎರಡು ವರುಷ ಮುಂದಾಗಿರಬಹುದು. ಹುಡುಗಿಯರು ಸಾಧಾರಣವಾಗಿ 12ನೆಯ ವಯಸ್ಸಿನ ಸುಮಾರಿಗೆ ಅತಿ ವೇಗವಾಗಿ ಎತ್ತರವಾಗುವರು. ಅದಾದ ಒಂದು ವರುಷದೊಳಗೆ ಹೆಚ್ಚಾಗಿ ಋತುಮತಿಯರಾಗುವರು. ಬೇಗ ಬೆಳೆದವಳು ಆ ಕಾಲದಲ್ಲಿ ಉದ್ದ ಕಾಲುಗಳಿಂದ ಗೆಲ್ಲುವಳು; ತಡವಾಗಿ ಬೆಳೆಯುವವಳ ಸರದಿಯು ಆ ಮೇಲೆ ಬರುವದು. ಆದಕಾರಣ ವಯಸ್ಸಿನ ಸಂಗಡ ಎತ್ತರವನ್ನೂ ಮೂರು ತಿಂಗಳಿಗೊಮ್ಮೆ ಬರೆದಿಡತಕ್ಕದ್ದು.

ಎರಡನೆಯದು ಅಭ್ಯಾಸದ ಕಾಲ. ಒಂದು ಕಲ್ಪಿತ ಉದಾಹರಣೆಯನ್ನು ತೆಗೆದುಕೊಳ್ಳೋಣ. ಒಬ್ಬಳು ಎರಡು ವರುಷ ಕ್ರಮವಾಗಿ ಅಭ್ಯಾಸ ಮಾಡಿ 1500 ಮೀಟರನ್ನು 5 ನಿಮಿಷ 40 ಸೆಕೆಂಡಿನಲ್ಲಿ ಓಡುವಳು. ಮತ್ತೊಬ್ಬಳು ಅಭ್ಯಾಸವೆಂಬದನ್ನೇ ಅರಿಯದೆ 5 ನಿಮಿಷ 52 ಸೆಕೆಂಡಿನಲ್ಲಿ ಓಡುವಳು. ಇಬ್ಬರಿಗೂ 12 ವಾರ ಒಂದೇ ಬಗೆಯ ಹಗುರವಾದ ಅಭ್ಯಾಸವನ್ನು ಕೊಟ್ಟು ಪುನಃ ಓಡಿಸಿದಾಗ, ಮೊದಲನೆಯವಳು 3 ಸೆಕೆಂಡನ್ನೂ ಎರಡನೆಯವಳು 18 ಸೆಕೆಂಡನ್ನೂ ಉಳಿಸಿದರೆ, ಯಾರಲ್ಲಿ ಹೆಚ್ಚು ಶಕ್ತಿಯು ಇನ್ನೂ ಅಡಗಿದೆ? ಒಂದು ದಿನದ ಓಟವು ಈ ಹೊತ್ತಿನ ಬಲವನ್ನು ತೋರಿಸುವದು. ಮುಂದಿನ ಬಲವನ್ನು ತಿಳಿಯಬೇಕಾದರೆ ಹಲವು ಸಾರಿ ಅಳೆಯಬೇಕು.

ಮೂರನೆಯದು ಓಟದ ರೀತಿ. 200 ಮೀಟರಿನ ಮೈದಾನದಲ್ಲಿ 1500 ಮೀಟರೆಂದರೆ ಏಳೂವರೆ ಸುತ್ತು. ಪ್ರತಿ ಸುತ್ತಿನ ಕಾಲವನ್ನು ಬೇರೆ ಬೇರೆಯಾಗಿ ಬರೆಯಿರಿ. ಮೊದಲ ಸುತ್ತನ್ನು 38 ಸೆಕೆಂಡಿನಲ್ಲಿ ಹಾರಿ, ಕಡೆಯ ಸುತ್ತುಗಳನ್ನು 50ರಲ್ಲಿ ಎಳೆಯುವವಳು ಬಹುಶಃ ಗಿಡ್ಡ ಓಟಕ್ಕೆ ತಕ್ಕವಳು, ಅಥವಾ ಓಟವನ್ನು ಹಂಚಿಕೊಳ್ಳಲು ಇನ್ನೂ ಕಲಿಯಬೇಕಾದವಳು. ಎಲ್ಲ ಸುತ್ತುಗಳನ್ನೂ 47ರ ಹತ್ತಿರವೇ ಓಡುವವಳು ದೂರದ ಓಟಕ್ಕೆ ಆಶೆ ಹುಟ್ಟಿಸುವಳು. ಓಟವು ಮುಗಿದ ಕೂಡಲೆ 10 ಸೆಕೆಂಡು ನಾಡಿಯನ್ನು ಎಣಿಸಿ, ಎರಡು ನಿಮಿಷ ಬಿಟ್ಟು ಪುನಃ ಎಣಿಸಿರಿ. ಒಂದೇ ಹುಡುಗಿಯ ನಾಡಿಯು ಅಷ್ಟೇ ವೇಗದ ಓಟದ ನಂತರ ತಿಂಗಳಿಂದ ತಿಂಗಳಿಗೆ ಬೇಗ ಬೇಗ ಇಳಿಯುತ್ತಿದ್ದರೆ ಅಭ್ಯಾಸವು ಅವಳಿಗೆ ಒಗ್ಗಿದೆಯೆಂದು ತಿಳಿಯಬಹುದು.

ನಾಲ್ಕನೆಯದು ರಕ್ತ ಮತ್ತು ಅನ್ನ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಭಾರತದಲ್ಲಿ 15ರಿಂದ 19 ವಯಸ್ಸಿನ ಹುಡುಗಿಯರಲ್ಲಿ ನೂರಕ್ಕೆ 59 ಮಂದಿಗೆ ರಕ್ತಹೀನತೆಯುಂಟು. ಪ್ರಾಣವಾಯುವನ್ನು ಸ್ನಾಯುಗಳಿಗೆ ಒಯ್ಯುವದು ರಕ್ತದೊಳಗಿನ ಹಿಮೋಗ್ಲೋಬಿನ್. ಅದು ಕಡಿಮೆಯಾದರೆ ಎಂಥ ಹೃದಯವೂ ದೂರದ ಓಟವನ್ನು ಗೆಲ್ಲಲಾರದು. ಆದಕಾರಣ ಹುಡುಗಿಯು ಹಿಂದೆ ಬಿದ್ದಾಗ ಅವಳನ್ನು ಸೋಮಾರಿಯೆಂದು ಗದರಿಸುವದಕ್ಕೆ ಮುಂಚೆ ರಕ್ತಪರೀಕ್ಷೆ ಮಾಡಿಸತಕ್ಕದ್ದು. ಜೋಳದ ರೊಟ್ಟಿ, ಕಾಳುಪಲ್ಯ, ಸೊಪ್ಪು, ಶೇಂಗಾ, ಹಾಲು, ಮೊಟ್ಟೆ ಇವು ನಮ್ಮ ಸೀಮೆಯಲ್ಲಿ ದೊರೆಯುವವೇ. ಮನೆಯಲ್ಲಿ ಎಲ್ಲರು ಉಂಡ ಮೇಲೆ ಉಳಿದದ್ದನ್ನು ಹುಡುಗಿಗೆ ಕೊಡುವ ವಾಡಿಕೆಯಿದ್ದಲ್ಲಿ, ಓಟಗಾರ್ತಿಯು ಬೆಳೆಯುವದು ಕಷ್ಟ.

ಐದನೆಯದು ಮನಸ್ಸು. ಸೋತ ಮರುದಿನ ಬೆಳಿಗ್ಗೆ ಯಾರೂ ಕರೆಯದೆ ಮೈದಾನಕ್ಕೆ ಬರುವವಳು ಯಾರು? ಓಡುವದರಲ್ಲಿ ಸಂತೋಷಪಡುವವಳು ಯಾರು? ಇದನ್ನು ಗಡಿಯಾರವು ಹೇಳಲಾರದು. ದಿನಾಲು ನೋಡುವ ಶಿಕ್ಷಕಿಯೂ ತಾಯಿಯೂ ಹೇಳಬಲ್ಲರು.

ಈಗ ಮುಖ್ಯವಾದ ಮಾತು. ಪ್ರಾಯಕ್ಕೆ ಬರುವಾಗ ಹುಡುಗಿಯ ಸೊಂಟವು ಅಗಲವಾಗಿ, ಶರೀರದಲ್ಲಿ ಕೊಬ್ಬು ಕೂಡುವದು, ಇದು ಸೃಷ್ಟಿಕ್ರಮವೇ. ಈ ಕಾಲದಲ್ಲಿ ಒಂದೆರಡು ವರುಷ ಓಟದ ಕಾಲವು ಸುಧಾರಿಸದೆ ನಿಲ್ಲಬಹುದು, ಕೆಲವರದು ಹಿಂದಕ್ಕೂ ಹೋಗಬಹುದು. ಆಗಲೇ ಕೆಲವು ತರಬೇತಿದಾರರು "ತೂಕ ಇಳಿಸು" ಎಂದು ಊಟವನ್ನು ಕಡಿಮೆ ಮಾಡಿಸುವರು. ಇದು ಬಹು ಅಪಾಯಕರ. ಅನ್ನ ಸಾಲದೆ ಹೆಚ್ಚು ಓಡಿದರೆ ಮುಟ್ಟು ನಿಲ್ಲುವದು, ಎಲುಬುಗಳು ಬಲವಾಗಬೇಕಾದ ವಯಸ್ಸಿನಲ್ಲಿಯೇ ಸೊರಗಿ ಸೀಳುವವು. ಮೂರು ತಿಂಗಳು ಮುಟ್ಟು ಬಾರದಿದ್ದರೆ ವೈದ್ಯರನ್ನು ಕಾಣತಕ್ಕದ್ದು. ಅದನ್ನು ಕಠಿಣ ಅಭ್ಯಾಸದ ಗುರುತೆಂದು ಹೊಗಳಲಾಗದು.

ತಾಯಿತಂದೆಗಳೇ, ಇದೇ 15, 16ರ ವಯಸ್ಸಿನಲ್ಲಿ ನೀವು ಸಹ "ಇನ್ನು ಓಟ ಸಾಕು" ಎಂದು ಹೇಳುವದುಂಟು. ಕಾಲವು ನಿಂತದ್ದನ್ನು ಕಂಡು ಶಾಲೆಯವರು ಅವಳನ್ನು ತಂಡದಿಂದ ಬಿಡುವರು. ಹೊಲದ ಕೆಲಸವೋ, ಬೀಡಿ ಕಟ್ಟುವದೋ, ಮದುವೆಯ ಮಾತೋ ಮನೆಯಲ್ಲಿ ಏಳುವದು. ಆದರೆ ದೂರದ ಓಟದ ಶಕ್ತಿಯು ಪೂರ್ಣವಾಗುವದು ಇಪ್ಪತ್ತು ದಾಟಿದ ಮೇಲೆಯೇ. ಸಾತಾರಾ ಜಿಲ್ಲೆಯ ಲಲಿತಾ ಬಾಬರ್ ಅವರು 2016ರಲ್ಲಿ ರಿಯೋ ಒಲಿಂಪಿಕ್‌ನಲ್ಲಿ 3000 ಮೀಟರ್ ಸ್ಟೀಪಲ್‌ಚೇಸ್ ಓಟದ ಅಂತಿಮ ಸುತ್ತಿಗೆ ತಲಪಿ 10ನೆಯವರಾದಾಗ ಅವರಿಗೆ 27 ವರುಷ. ಬೀಡ ಜಿಲ್ಲೆಯ ಅವಿನಾಶ ಸಾಬಳೆಯವರು ಸೈನ್ಯಕ್ಕೆ ಸೇರಿದ ಮೇಲೆಯೇ ಓಟವನ್ನು ಕಲಿತು, 2022ರ ಕಾಮನ್‌ವೆಲ್ತ್ ಪಂದ್ಯಗಳಲ್ಲಿ ಅದೇ ಓಟದಲ್ಲಿ ಬೆಳ್ಳಿಯ ಪದಕವನ್ನು ಪಡೆದರು. 13ನೆಯ ವಯಸ್ಸಿನಲ್ಲಿ ಇವರನ್ನು ಯಾರಾದರೂ ಕಡೆಯ ತೀರ್ಪಿಗೆ ನಿಲ್ಲಿಸಿದ್ದರೆ ನಾಡು ಇವರನ್ನು ಕಾಣುತ್ತಿರಲಿಲ್ಲ.

ಹಾಗಾದರೆ ಪ್ರತಿಯೊಂದು ಶಾಲೆಯೂ ಮಾಡತಕ್ಕದ್ದೇನು? ಒಂದು ವಹಿಯನ್ನು ಇಡಲಿ. ಅದರಲ್ಲಿ ಹುಟ್ಟಿದ ದಿನ, ಎತ್ತರ, ಅಭ್ಯಾಸವು ಆರಂಭವಾದ ತಿಂಗಳು, ಸುತ್ತುಗಳ ಕಾಲ, ನಾಡಿ, ರಕ್ತಪರೀಕ್ಷೆ ಇವುಗಳನ್ನು ಬರೆಯಲಿ. ಶರೀರದ ಗುಟ್ಟಿನ ಸಂಗತಿಗಳು ಶಿಕ್ಷಕಿಯ ಹತ್ತಿರವೇ ಇರಲಿ. ಮೂರು ವರುಷ ತುಂಬುವ ವರೆಗೆ ಯಾರನ್ನೂ ತಳ್ಳಿಬಿಡದಿರಲಿ. ಹಳೆಯ ವಿದ್ಯಾರ್ಥಿನಿಯರಲ್ಲಿ ಅನುಕೂಲವುಳ್ಳವರು ಒಂದು ಸ್ಟಾಪ್‌ವಾಚನ್ನೋ ಒಂದು ಜೊತೆ ಬೂಟನ್ನೋ ಕೊಡಬಹುದು. ವೈದ್ಯರೂ ದಾದಿಯರೂ ಆದವರು ವರುಷಕ್ಕೊಂದು ದಿನ ಬಂದು ಹುಡುಗಿಯರನ್ನು ಪರೀಕ್ಷಿಸಬಹುದು. ಎಲ್ಲರೂ ಒಲಿಂಪಿಕ್ಕಿಗೆ ಹೋಗರು. ಆದರೆ ನ್ಯಾಯವಾಗಿ ಅಳೆಯಲ್ಪಟ್ಟ ಹುಡುಗಿಯು, ಪದಕ ಬಂದರೂ ಬಾರದಿದ್ದರೂ, ಬಲವಾದ ಎಲುಬುಗಳನ್ನೂ ತನ್ನ ಮೇಲೆ ತನಗಿರುವ ನಂಬಿಕೆಯನ್ನೂ ಹೊತ್ತುಕೊಂಡು ಶಾಲೆಯಿಂದ ಹೊರಡುವಳು.