ರಾಡ್ ಹಾಳಾಗಿದೆಯೋ, ವೋಲ್ಟೇಜ್ ಇಲ್ಲವೋ? ಎರಡು ಅಳತೆಯಲ್ಲಿ ಉತ್ತರ

ನೀರು ಕಾಯಿಸುವ ರಾಡ್ ಮೇಲೆ 1500 ವ್ಯಾಟ್ ಎಂದು ಬರೆದಿದೆ. ಆದರೂ ಒಂದು ಬಕೆಟ್ ನೀರು ಬಿಸಿಯಾಗಲು ಅರ್ಧ ಗಂಟೆ ಬೇಕು. ಆನವಟ್ಟಿ ಪೇಟೆಗೆ ಹೋಗಿ ಹೊಸ ರಾಡ್ ತರುವ ಮೊದಲು ಎರಡು ಅಳತೆ ತೆಗೆದು ನೋಡಿ. ರಾಡ್ ಮೇಲಿನ ಆ ಸಂಖ್ಯೆ 230 ವೋಲ್ಟ್ ಸಿಕ್ಕರೆ ಮಾತ್ರ ನಿಜ. ಟಿಸಿಯಿಂದ, ಅಂದರೆ ಟ್ರಾನ್ಸ್‌ಫಾರ್ಮರಿನಿಂದ, ದೂರದಲ್ಲಿ, ಲೈನಿನ ಕೊನೆಗಿರುವ ಮನೆಗೆ ಅಷ್ಟು ವೋಲ್ಟೇಜ್ ಬರುತ್ತಿದೆಯೇ ಎಂಬುದನ್ನು ಅಳೆದೇ ತಿಳಿಯಬೇಕು.

ಬೇಕಾದ ಸೂತ್ರಗಳು ಎರಡೇ. ವೋಲ್ಟನ್ನು ಆಂಪಿಯರ್‌ನಿಂದ ಭಾಗಿಸಿದರೆ ರೋಧ, ಓಮ್‌ನಲ್ಲಿ. ಇದು ಜರ್ಮನಿಯ ಗಿಯೋರ್ಗ್ ಓಮ್ 1827ರಲ್ಲಿ ಪ್ರಕಟಿಸಿದ ನಿಯಮ. ವೋಲ್ಟನ್ನು ಆಂಪಿಯರ್‌ಗೆ ಗುಣಿಸಿದರೆ ಶಕ್ತಿ, ವ್ಯಾಟ್‌ನಲ್ಲಿ.

ಮೊದಲು ವೋಲ್ಟೇಜ್. ಮಲ್ಟಿಮೀಟರನ್ನು ಎಸಿ ವೋಲ್ಟ್‌ನ ಮೇಲಿನ ರೇಂಜಿಗೆ ಇಟ್ಟು, ರಾಡ್ ಉರಿಯುತ್ತಿರುವಾಗಲೇ ಅದೇ ಬೋರ್ಡಿನ ಪಕ್ಕದ ಸಾಕೆಟ್‌ನಲ್ಲಿ ಅಳೆಯಿರಿ. ಲೋಡ್ ಇಲ್ಲದಾಗಿನ ವೋಲ್ಟೇಜ್ ಈ ಲೆಕ್ಕಕ್ಕೆ ಬರುವುದಿಲ್ಲ. ಓಮ್ ರೇಂಜಿನಲ್ಲಿಟ್ಟ ಮೀಟರನ್ನು ಕರೆಂಟ್ ಇರುವ ಸಾಕೆಟ್‌ಗೆ ಯಾವತ್ತೂ ತಾಗಿಸಬೇಡಿ.

ಆಂಪಿಯರ್ ಅಳೆಯಲು ಕ್ಲ್ಯಾಂಪ್ ಮೀಟರ್ ಬೇಕು. ಅದರ ಬಾಯೊಳಗೆ ಫೇಸ್ ತಂತಿ ಒಂದೇ ಇರಬೇಕು. ಫೇಸ್, ನ್ಯೂಟ್ರಲ್ ಎರಡನ್ನೂ ಸೇರಿಸಿ ಹಿಡಿದರೆ ಸೊನ್ನೆ ತೋರಿಸುತ್ತದೆ. ಮೀಟರ್ ಬೋರ್ಡ್ ತೆರೆಯುವ ಈ ಕೆಲಸವನ್ನು ವೈರ್‌ಮನ್‌ಗೇ ಬಿಡಿ.

ಕ್ಲ್ಯಾಂಪ್ ಇಲ್ಲದವರಿಗೂ ದಾರಿಯಿದೆ, ನನಗಂತೂ ಇದೇ ಇಷ್ಟ. ಮನೆಯ ಡಿಜಿಟಲ್ ಮೀಟರಿನಲ್ಲಿ ಒಂದು ಕೆಂಪು ದೀಪ ಮಿನುಗುತ್ತಿರುತ್ತದೆ. ಒಂದು ಯೂನಿಟ್‌ಗೆ ಎಷ್ಟು ಮಿನುಗು ಎಂಬುದು ಮೀಟರಿನ ಮುಖದ ಮೇಲೇ ಇರುತ್ತದೆ. ಅದು 3200 ಎಂದಿಟ್ಟುಕೊಳ್ಳೋಣ. ಫ್ರಿಜ್, ಫ್ಯಾನ್, ದೀಪ ಎಲ್ಲ ಆರಿಸಿ, ರಾಡ್ ಒಂದನ್ನೇ ಉರಿಸಿ, ಒಂದು ನಿಮಿಷ ಮಿನುಗು ಎಣಿಸಿ. 60,000ವನ್ನು 3200ರಿಂದ ಭಾಗಿಸಿದರೆ 18.75. ನೀವು ಎಣಿಸಿದ್ದು 49 ಆದರೆ, 49 × 18.75 = ಸುಮಾರು 918 ವ್ಯಾಟ್. ಸಾಕೆಟ್‌ನಲ್ಲಿ 180 ವೋಲ್ಟ್ ಇದ್ದರೆ, 918 ÷ 180 = 5.1 ಆಂಪಿಯರ್.

ಈಗ ರೋಧ: 180 ÷ 5.1 = 35.3 ಓಮ್. ಹೊಸ ರಾಡ್‌ನ ರೋಧ ಎಷ್ಟಿರಬೇಕು? 230 × 230 ÷ 1500 = 35.3. ಎರಡೂ ಒಂದೇ. ಹಾಗಾದರೆ ರಾಡ್ ಸರಿಯಾಗಿಯೇ ಇದೆ, ವೋಲ್ಟೇಜ್ ಸಾಲುತ್ತಿಲ್ಲ. ವೋಲ್ಟೇಜ್ ಶೇ 22ರಷ್ಟು ಇಳಿದರೆ ಶಕ್ತಿ ಶೇ 39ರಷ್ಟು ಇಳಿಯುತ್ತದೆ, ಏಕೆಂದರೆ ಆಂಪಿಯರ್ ಕೂಡ ಜೊತೆಗೇ ಕುಗ್ಗುತ್ತದೆ. ಹದಿನೈದು ಲೀಟರ್ ನೀರನ್ನು 20 ಡಿಗ್ರಿಯಿಂದ 45ಕ್ಕೆ ತರಲು 17 ನಿಮಿಷ ಸಾಕಾಗುತ್ತಿದ್ದ ಕಡೆ 28 ನಿಮಿಷ ಹಿಡಿಯುವುದು ಇದಕ್ಕೇ. ಯೂನಿಟ್ ಮಾತ್ರ ಹೆಚ್ಚೇನೂ ಏರುವುದಿಲ್ಲ, ಎರಡು ಸಲವೂ ಅರ್ಧ ಯೂನಿಟ್‌ನ ಒಳಗೇ.

ಮುಂದಿನ ಹೆಜ್ಜೆಯನ್ನು ದಯವಿಟ್ಟು ಬಿಡಬೇಡಿ. ವೋಲ್ಟೇಜ್ ಎಲ್ಲಿ ಸೋರುತ್ತಿದೆ? ರಾಡ್ ಉರಿಯುತ್ತಿರುವಾಗಲೇ ವೈರ್‌ಮನ್ ಮೀಟರ್ ಬೋರ್ಡಿನಲ್ಲೂ ಅಳೆಯಲಿ. ಅಲ್ಲೂ 180 ಆಸುಪಾಸು ಇದ್ದರೆ ಕೊರತೆ ಲೈನಿನದು. ಅಲ್ಲಿ 196 ಇದ್ದು ಸಾಕೆಟ್‌ನಲ್ಲಿ 180 ಇದ್ದರೆ, 16 ವೋಲ್ಟ್ ನಿಮ್ಮ ಮನೆಯೊಳಗೇ ಹೋಗುತ್ತಿದೆ. ಆಗ ಕ್ಲ್ಯಾಂಪ್ 5.1 ಆಂಪಿಯರ್ ತೋರಿಸಿದರೆ, 16 ÷ 5.1 = 3.1 ಓಮ್. 2.5 ಚದರ ಮಿಲಿಮೀಟರ್ ತಾಮ್ರದ ತಂತಿ ಇಪ್ಪತ್ತು ಮೀಟರ್ ಹೋಗಿ ಬಂದರೂ ರೋಧ 0.3 ಓಮ್ ಅಷ್ಟೇ. ಉಳಿದದ್ದು ಸಡಿಲ ಸ್ಕ್ರೂ ಅಥವಾ ಕೆಟ್ಟ ಜಾಯಿಂಟ್‌ನದು. 16 × 5.1 = 82 ವ್ಯಾಟ್‌ನಲ್ಲಿ ಬಹುಪಾಲು ಆ ಒಂದೇ ಜಾಗದಲ್ಲಿ ಶಾಖವಾಗುತ್ತದೆ. ಸ್ವಿಚ್‌ಬೋರ್ಡ್ ಕರಗುವುದು, ಬೆಂಕಿ ಹೊತ್ತಿಕೊಳ್ಳುವುದು ಹೀಗೆ. ಅದನ್ನು ಅಂದೇ ಸರಿಪಡಿಸಿ.

ರೋಧದ ಈ ಲೆಕ್ಕ ರಾಡ್‌ಗೆ ಸರಿ, ಆದರೆ ಹಳೆಯ ತಂತುವಿನ ಬಲ್ಬ್‌ಗೆ ತಣ್ಣಗಿರುವಾಗ ಓಮ್ ಅಳೆದು ಲೆಕ್ಕ ಹಾಕಬಾರದು. ಉರಿಯುವಾಗ ಅದರ ರೋಧ ಹತ್ತು ಪಟ್ಟಿಗೂ ಹೆಚ್ಚಾಗುತ್ತದೆ.

ಇನ್ನು ಪಂಪ್‌ಸೆಟ್. ಇಲ್ಲೇ ಪಕ್ಕದ ಕುಬಟೂರಿನವರಾದ ಎಸ್. ಬಂಗಾರಪ್ಪ 1990ರಿಂದ 1992ರವರೆಗೆ ಮುಖ್ಯಮಂತ್ರಿಯಾಗಿದ್ದಾಗ 10 ಎಚ್‌ಪಿವರೆಗಿನ ಪಂಪ್‌ಸೆಟ್‌ಗಳಿಗೆ ಉಚಿತ ವಿದ್ಯುತ್ ಕೊಟ್ಟರು. ಬಿಲ್ ಇಲ್ಲದ ಮೇಲೆ ಲೆಕ್ಕವೇಕೆ ಎನ್ನಬೇಡಿ, ಸುಟ್ಟ ಮೋಟಾರಿನ ರಿವೈಂಡಿಂಗ್ ಖರ್ಚು ರೈತನದೇ. ಮೋಟಾರ್ ರಾಡ್‌ನಂತಲ್ಲ. ವೋಲ್ಟೇಜ್ ಇಳಿದರೂ ನೀರೆತ್ತುವ ಕೆಲಸ ಹೆಚ್ಚು ಕಡಿಮೆ ಅಷ್ಟೇ ಇರುವುದರಿಂದ ಅದು ಹೆಚ್ಚು ಆಂಪಿಯರ್ ಎಳೆಯುತ್ತದೆ. ಮೂರು ಫೇಸ್‌ನಲ್ಲಿ ಲೆಕ್ಕ ಹೀಗೆ: 1.732 × ವೋಲ್ಟ್ × ಆಂಪಿಯರ್ × ಪವರ್ ಫ್ಯಾಕ್ಟರ್. 5 ಎಚ್‌ಪಿ ಮೋಟಾರ್ 415 ವೋಲ್ಟ್‌ನಲ್ಲಿ 7.5 ಆಂಪಿಯರ್, 0.85 ಪವರ್ ಫ್ಯಾಕ್ಟರ್‌ನಲ್ಲಿ ಓಡುತ್ತಿದ್ದರೆ ಸುಮಾರು 4580 ವ್ಯಾಟ್. ವೋಲ್ಟೇಜ್ 340ಕ್ಕೆ ಇಳಿದರೆ ಅದೇ ಕೆಲಸಕ್ಕೆ 9.15 ಆಂಪಿಯರ್ ಬೇಕು. ಶಾಖ ಆಂಪಿಯರ್‌ನ ವರ್ಗಕ್ಕೆ ತಕ್ಕಂತೆ ಏರುತ್ತದೆ, ಅಂದರೆ ವೈಂಡಿಂಗ್‌ನ ಬಿಸಿ ಒಂದೂವರೆ ಪಟ್ಟು.

ಆದ್ದರಿಂದ ಸ್ಟಾರ್ಟರಿನ ಓವರ್‌ಲೋಡ್ ರಿಲೇಯನ್ನು ಮೋಟಾರಿನ ಫಲಕದಲ್ಲಿರುವ ಆಂಪಿಯರ್‌ಗೇ ಇಡಿಸಿ. ಟ್ರಿಪ್ ಆಗುತ್ತದೆಂದು ಮೇಲಕ್ಕೆ ತಿರುಗಿಸಬೇಡಿ, ಆ ಟ್ರಿಪ್ಪೇ ಮೋಟಾರನ್ನು ಉಳಿಸುವುದು. ಲೈನಿನಲ್ಲೇ ವೋಲ್ಟೇಜ್ ಕಡಿಮೆ ಎಂದು ಖಚಿತವಾದರೆ ವಿದ್ಯುತ್ ಕಂಪನಿ ಮೆಸ್ಕಾಂನ 1912ಕ್ಕೆ ಕರೆ ಮಾಡಿ, ಯಾವ ಹೊತ್ತಿಗೆ, ಎಷ್ಟು ಆಂಪಿಯರ್ ಲೋಡ್‌ನಲ್ಲಿ, ಮೀಟರ್ ಬೋರ್ಡಿನಲ್ಲಿ ಎಷ್ಟು ವೋಲ್ಟ್ ಇತ್ತು ಎಂದು ಬರೆದಿಟ್ಟ ಅಂಕಿಯನ್ನೇ ಹೇಳಿ.