ಮ್ಯಾಂಟಲ್ ದೀಪ ಮತ್ತು ಅದರ ಬರ್ನರ್: ಪರೀಕ್ಷೆಗೆ ಮುಖ್ಯಾಂಶಗಳು

ಮ್ಯಾಂಟಲ್ ದೀಪದ ಬಗ್ಗೆ ಪ್ರಶ್ನೆ ಬಂದರೆ ಹೆಚ್ಚಿನವರು ಥೋರಿಯಂ, ಸೀರಿಯಂ, ವೆಲ್ಸ್‌ಬಾಕ್ ಎಂದು ಬರೆದು ಪೆನ್ನು ಕೆಳಗಿಡುತ್ತಾರೆ. ಅದು ಅರ್ಧ ಉತ್ತರ. ಉಳಿದರ್ಧ ಇರುವುದು ಬರ್ನರಿನಲ್ಲಿ. ಒಂದೇ ಮ್ಯಾಂಟಲ್ ಕೆಟ್ಟ ಬರ್ನರಿನ ಮೇಲೆ ಮಂಕಾಗಿ ಮಿಣುಕುತ್ತದೆ, ಒಳ್ಳೆಯ ಬರ್ನರಿನ ಮೇಲೆ ಬೆಳ್ಳಗೆ ಬೆಳಗುತ್ತದೆ. ಹಾಗಾಗಿ ಈ ಟಿಪ್ಪಣಿಯಲ್ಲಿ ಮ್ಯಾಂಟಲಿಗೆ ಜಾಗ ಕಡಿಮೆ, ಬರ್ನರಿಗೆ ಹೆಚ್ಚು.

ಹಿನ್ನೆಲೆ: ಗಾಳಿ ಬೇಡವೆಂದಿದ್ದವರು ಗಾಳಿ ಹುಡುಕಿದರು

1792ರಲ್ಲಿ ವಿಲಿಯಂ ಮರ್ಡಾಕ್ ಇಂಗ್ಲೆಂಡಿನ ರೆಡ್ರೂತ್‌ನ ತನ್ನ ಮನೆಯಲ್ಲಿ ಕಲ್ಲಿದ್ದಲ ಅನಿಲದ ದೀಪ ಹಚ್ಚಿದ. 1807ರಲ್ಲಿ ಲಂಡನ್ನಿನ ಪಾಲ್ ಮಾಲ್ ಬೀದಿಗೆ ಅನಿಲ ದೀಪ ಬಂತು. 1812ರಲ್ಲಿ ಗ್ಯಾಸ್ ಲೈಟ್ ಅಂಡ್ ಕೋಕ್ ಕಂಪನಿ ಶುರುವಾಯಿತು. ಇವೆಲ್ಲ ತೆರೆದ ಉರಿಯ ದೀಪಗಳು. ಅವುಗಳಲ್ಲಿ ಬೆಳಕು ಕೊಡುತ್ತಿದ್ದುದು ಉರಿಯೊಳಗೆ ಕಾದು ಕೆಂಡವಾದ ಇಂಗಾಲದ ಕಣಗಳು. ಅನಿಲಕ್ಕೆ ಮೊದಲೇ ಗಾಳಿ ಬೆರೆಸಿದರೆ ಈ ಕಣಗಳು ಹುಟ್ಟುವುದೇ ಇಲ್ಲ, ಬೆಳಕೂ ಇಲ್ಲ. ಅದಕ್ಕೇ ಆಗಿನ ಬರ್ನರುಗಳು ಉರಿಯನ್ನು ಬಾವಲಿ ರೆಕ್ಕೆಯ ಅಥವಾ ಮೀನಿನ ಬಾಲದ ಆಕಾರದಲ್ಲಿ ಅಗಲಿಸುತ್ತಿದ್ದವು. ಅರ್ಗಾಂಡ್ ಬರ್ನರಿನಲ್ಲಿ ಉರಿ ಉಂಗುರದಂತಿದ್ದು ಸುತ್ತ ಗಾಜಿನ ಚಿಮಣಿ ಇರುತ್ತಿತ್ತು.

ಲಂಡನ್ನಿನಲ್ಲಿ ಅನಿಲದ ಗುಣಮಟ್ಟವನ್ನು ಕಾನೂನು ಅಳೆಯುತ್ತಿದ್ದುದೂ ಬೆಳಕಿನಿಂದಲೇ. ಗಂಟೆಗೆ 5 ಘನ ಅಡಿ, ಅಂದರೆ ಸುಮಾರು 0.14 ಘನ ಮೀಟರ್ ಅನಿಲ ಉರಿದರೆ 16 ಕ್ಯಾಂಡಲ್ ಬೆಳಕು ಬರಬೇಕಿತ್ತು. ಈ ಎರಡು ಸಂಖ್ಯೆಗಳನ್ನು ನೆನಪಿಡಿ, ಮುಂದೆ ಲೆಕ್ಕಕ್ಕೆ ಬೇಕು.

1855ರಲ್ಲಿ ಹೈಡೆಲ್‌ಬರ್ಗಿನಲ್ಲಿ ರಾಬರ್ಟ್ ಬುನ್ಸೆನ್ ಮತ್ತು ಉಪಕರಣ ತಯಾರಕ ಪೀಟರ್ ಡೆಸಾಗಾ ರೂಪಿಸಿದ ಬರ್ನರ್ ಉರಿಯುವ ಮೊದಲೇ ಗಾಳಿ ಬೆರೆಸುತ್ತಿತ್ತು. ಉರಿ ನೀಲಿ, ಬಹಳ ಬಿಸಿ, ಬೆಳಕು ಮಾತ್ರ ಶೂನ್ಯ. ದೀಪದವರಿಗೆ ಅದು ನಿಷ್ಪ್ರಯೋಜಕ ವಸ್ತು. ಬುನ್ಸೆನ್ನನ ಶಿಷ್ಯ ಕಾರ್ಲ್ ಔವರ್ ಫಾನ್ ವೆಲ್ಸ್‌ಬಾಕ್ ಆ ಉರಿಗೆ ಲೋಹದ ಆಕ್ಸೈಡಿನ ಬಲೆ, ಅಂದರೆ ಮ್ಯಾಂಟಲ್, ತೊಡಿಸಿದ ಮೇಲೆ ಎಲ್ಲ ತಲೆಕೆಳಗಾಯಿತು. ಬೆಳಕು ಕೊಡುವುದು ಬಲೆಯ ಪಾಲಿಗೆ ಬಂತು, ಉರಿಯ ಪಾಲಿಗೆ ಉಳಿದದ್ದು ಬರೀ ಕಾವು. ಮಸಿ ಮೊದಲು ಬೆಳಕಿನ ಮೂಲವಾಗಿತ್ತು, ಈಗ ಶತ್ರುವಾಯಿತು. ಕಾನೂನು ಈ ಬದಲಾವಣೆಯನ್ನು ಹಿಡಿಯಲು ಸಾಕಷ್ಟು ತಡಮಾಡಿತು. ಬ್ರಿಟನ್ನಿನಲ್ಲಿ ಅನಿಲವನ್ನು ಶಾಖದ ಲೆಕ್ಕದಲ್ಲಿ, ‘ಥರ್ಮ್’ ಎಂಬ ಏಕಮಾನದಲ್ಲಿ ಮಾರುವ ಪದ್ಧತಿ ಬಂದದ್ದು 1920ರ ಅನಿಲ ನಿಯಂತ್ರಣ ಕಾಯ್ದೆಯಿಂದ.

ಮ್ಯಾಂಟಲ್: ಒಂದು ಅಂಕದ ಪ್ರಶ್ನೆಗಳಿಗೆ

– ಜನಕ: ಔವರ್ ಫಾನ್ ವೆಲ್ಸ್‌ಬಾಕ್ (1858–1929), ಆಸ್ಟ್ರಿಯಾ. ಡಿಡಿಮಿಯಂ ಎಂದು ಕರೆಯುತ್ತಿದ್ದುದನ್ನು 1885ರಲ್ಲಿ ನಿಯೋಡಿಮಿಯಂ, ಪ್ರೇಸಿಯೋಡಿಮಿಯಂ ಎಂಬ ಎರಡು ಧಾತುಗಳಾಗಿ ಬೇರ್ಪಡಿಸಿದವನೂ ಇವನೇ.
– 1885ರ ಮೊದಲ ಮ್ಯಾಂಟಲಿನಲ್ಲಿ ಥೋರಿಯಂ ಇರಲಿಲ್ಲ. ಮೆಗ್ನೀಸಿಯಂ, ಲ್ಯಾಂಥನಂ, ಇಟ್ರಿಯಂ ಆಕ್ಸೈಡುಗಳಿದ್ದವು. ಬೆಳಕು ಹಸಿರು ಛಾಯೆಯದು, ಬಲೆ ಬೇಗ ಮುರಿಯುತ್ತಿತ್ತು, ವ್ಯಾಪಾರ ನೆಲಕಚ್ಚಿತು. ಬಹು ಆಯ್ಕೆಯ ಪ್ರಶ್ನೆಯಲ್ಲಿ ಎಡವುವುದು ಇಲ್ಲೇ.
– 1891ರಲ್ಲಿ ಗೆದ್ದ ಮಿಶ್ರಣ: ಥೋರಿಯಂ ಆಕ್ಸೈಡ್ ಶೇ. 99, ಸೀರಿಯಂ ಆಕ್ಸೈಡ್ ಶೇ. 1.
– ತಯಾರಿಕೆ: ಹತ್ತಿ ಅಥವಾ ಕೃತಕ ರೇಷ್ಮೆಯ ಹೆಣಿಗೆಯನ್ನು ಈ ಧಾತುಗಳ ನೈಟ್ರೇಟ್ ದ್ರಾವಣದಲ್ಲಿ ನೆನೆಸಿ ಒಣಗಿಸುತ್ತಾರೆ. ಮೊದಲ ಸಲ ಹಚ್ಚಿದಾಗ ನೂಲು ಸುಟ್ಟುಹೋಗಿ ಆಕ್ಸೈಡಿನ ಅಸ್ಥಿಪಂಜರ ಉಳಿಯುತ್ತದೆ.
– ಥೋರಿಯಂ ಆಕ್ಸೈಡಿನ ಕರಗುವ ಬಿಂದು ಸುಮಾರು 3,300 ಡಿಗ್ರಿ ಸೆಲ್ಸಿಯಸ್.

ಶೇ. 1ರಷ್ಟೇ ಸೀರಿಯಂ ಏಕೆ? ಥೋರಿಯಂ ಆಕ್ಸೈಡ್ ಒಂಟಿಯಾಗಿ ಕಾದರೆ ಕಣ್ಣಿಗೆ ಕಾಣುವ ಬೆಳಕನ್ನು ಅಷ್ಟಾಗಿ ಸೂಸುವುದಿಲ್ಲ. ಆದರೆ ಹತ್ತಿರದ ಅವಕೆಂಪು ವಿಕಿರಣವನ್ನೂ ಕಡಿಮೆಯೇ ಸೂಸುವುದರಿಂದ ಅದರ ಕಾವು ಇಳಿಯುವುದಿಲ್ಲ. ಚಿಟಿಕೆ ಸೀರಿಯಂ ಸೇರಿದರೆ ಬೆಳಕಿನ ಬಾಗಿಲು ತೆರೆಯುತ್ತದೆ. ಹೆಚ್ಚು ಸೇರಿಸಿದರೆ ಬಲೆ ಶಾಖವನ್ನು ಸುಮ್ಮನೆ ಚೆಲ್ಲಿ ತಾನೇ ತಣ್ಣಗಾಗುತ್ತದೆ.

ಬರ್ನರಿನ ಒಳಗೆ ನಡೆಯುವುದು

ಸಣ್ಣ ರಂಧ್ರದಿಂದ ಅನಿಲ ರಭಸವಾಗಿ ಚಿಮ್ಮುತ್ತದೆ. ವೇಗವಾಗಿ ಹೋಗುವ ಲಾರಿ ರಸ್ತೆಬದಿಯ ತರಗೆಲೆಗಳನ್ನು ಹಿಂದೆ ಸೆಳೆದುಕೊಂಡು ಹೋಗುವ ಹಾಗೆ, ಆ ಧಾರೆ ಅಕ್ಕಪಕ್ಕದ ಕಿಂಡಿಗಳಿಂದ ಗಾಳಿಯನ್ನು ಎಳೆದುಕೊಳ್ಳುತ್ತದೆ. ಇದು ಪ್ರಾಥಮಿಕ ಗಾಳಿ. ಎರಡೂ ನಳಿಕೆಯಲ್ಲಿ ಬೆರೆತು ತುದಿಯಲ್ಲಿ ಉರಿಯುತ್ತವೆ. ಸಾಲದಿದ್ದ ಗಾಳಿಯನ್ನು ಉರಿ ಹೊರಗಿನಿಂದ ಪಡೆಯುತ್ತದೆ. ಅದು ದ್ವಿತೀಯಕ ಗಾಳಿ.

ಪ್ರಾಥಮಿಕ ಗಾಳಿ ಕಡಿಮೆಯಾದರೆ ಉರಿ ಉದ್ದವಾಗಿ, ಮೆತ್ತಗೆ ಹರಡುತ್ತದೆ. ಅದೇ ಶಾಖ ದೊಡ್ಡ ಜಾಗದಲ್ಲಿ ತೆಳುವಾಗುತ್ತದೆ. ಹೆಚ್ಚಾದರೆ ಉರಿ ಗಿಡ್ಡವಾಗಿ, ಗಟ್ಟಿಯಾಗಿ, ಹೆಚ್ಚು ಬಿಸಿಯಾಗುತ್ತದೆ. ಕಾವು ಸ್ವಲ್ಪ ಏರಿದರೂ ಕಣ್ಣಿಗೆ ಕಾಣುವ ಬೆಳಕು ಬಹುಪಟ್ಟು ಏರುತ್ತದೆ. ಬರ್ನರ್ ಸುಧಾರಣೆಯ ಇಡೀ ಇತಿಹಾಸ ಈ ಒಂದು ವಾಕ್ಯದ ಮೇಲೆ ನಿಂತಿದೆ. ಜೊತೆಗೆ ಉರಿಯ ಅತಿ ಬಿಸಿಯಾದ ಪದರ ಸರಿಯಾಗಿ ಬಲೆಯ ಮೈಮೇಲೇ ಕೂರಬೇಕು. ಬಲೆ ದೊಡ್ಡದಾದರೆ ಉರಿ ಅದನ್ನು ಮುಟ್ಟುವುದಿಲ್ಲ, ಚಿಕ್ಕದಾದರೆ ಕಾವು ಹೊರಗೆ ಸೋರಿಹೋಗುತ್ತದೆ. ಬರ್ನರ್ ಬದಲಿಸಿ ಹಳೆಯ ಅಳತೆಯ ಮ್ಯಾಂಟಲನ್ನೇ ಕಟ್ಟುವವರು ಮರೆಯುವ ಸಂಗತಿ ಇದು.

ಗಾಳಿ ಹೆಚ್ಚಿಸುವುದಕ್ಕೂ ಮಿತಿಯಿದೆ. ಮಿಶ್ರಣ ಹೊರಬರುವ ವೇಗಕ್ಕಿಂತ ಉರಿ ಹಬ್ಬುವ ವೇಗ ಹೆಚ್ಚಾದರೆ ಬೆಂಕಿ ನಳಿಕೆಯೊಳಕ್ಕೆ ಹಿಮ್ಮೆಟ್ಟುತ್ತದೆ. ಇದು ಹಿಮ್ಮುಖ ಉರಿ. ಹೊರಬರುವ ವೇಗವೇ ಹೆಚ್ಚಾದರೆ ಉರಿ ಬಾಯಿಂದ ಎದ್ದು ತೇಲುತ್ತದೆ, ಕೆಲವೊಮ್ಮೆ ಆರಿಯೂ ಹೋಗುತ್ತದೆ. ಹಿಮ್ಮುಖ ಉರಿ ತಡೆಯಲು ಬಾಯಿಗೆ ತಂತಿಜಾಲರಿ ಇಡುತ್ತಾರೆ. 1815ರ ಡೇವಿಯ ಗಣಿದೀಪದ ತತ್ತ್ವವೇ ಅದು.

ನೆನಪಿಡಬೇಕಾದ ಸಂಬಂಧ: ರಂಧ್ರದಿಂದ ಹೊರಡುವ ಅನಿಲದ ಪ್ರಮಾಣ ರಂಧ್ರದ ವಿಸ್ತೀರ್ಣಕ್ಕೂ ಒತ್ತಡದ ವರ್ಗಮೂಲಕ್ಕೂ ಅನುಪಾತದಲ್ಲಿರುತ್ತದೆ. ಒತ್ತಡ ನಾಲ್ಕು ಪಟ್ಟಾದರೆ ಅನಿಲ ಎರಡೇ ಪಟ್ಟು. ಇಲ್ಲೊಂದು ಸೂಕ್ಷ್ಮವಿದೆ. ರಂಧ್ರವನ್ನು ಹಾಗೆಯೇ ಬಿಟ್ಟು ಒತ್ತಡ ಮಾತ್ರ ಏರಿಸಿದರೆ ಅನಿಲವೂ ಗಾಳಿಯೂ ಹೆಚ್ಚುಕಡಿಮೆ ಒಟ್ಟಿಗೇ ಏರುತ್ತವೆ, ಅವುಗಳ ಅನುಪಾತ ಅಷ್ಟಾಗಿ ಬದಲಾಗುವುದಿಲ್ಲ. ಒತ್ತಡ ಏರಿಸಿ ರಂಧ್ರವನ್ನು ಕಿರಿದು ಮಾಡಿದಾಗಲೇ ಅಷ್ಟೇ ಅನಿಲ ಹೆಚ್ಚು ಗಾಳಿಯನ್ನು ಎಳೆಯುವುದು.

ವಿನ್ಯಾಸದ ಹೆಜ್ಜೆಗಳು

ಮೊದಲ ಕಾಲದ ನೆಟ್ಟಗಿನ ಬರ್ನರ್ ತನಗೆ ಬೇಕಾದ ಗಾಳಿಯಲ್ಲಿ ಸುಮಾರು ಅರ್ಧವನ್ನಷ್ಟೇ ಮೊದಲು ಎಳೆಯುತ್ತಿತ್ತು. ಉಳಿದುದಕ್ಕೆ ಗಾಜಿನ ಚಿಮಣಿಯ ಸೆಳೆತವೇ ಗತಿ. ಮುಂದೆ ನಳಿಕೆಯ ನಡುವನ್ನು ಕಿರಿದಾಗಿಸಿ ಮೇಲೆ ಅಗಲಿಸುವ ವೆಂಚುರಿ ಆಕಾರ ಬಂತು. ಘರ್ಷಣೆಯ ನಷ್ಟ ಇಳಿಯಿತು, ಮಿಶ್ರಣ ಹದವಾಯಿತು. ತೆರೆದ ಚಪ್ಪಟೆ ಉರಿ ಒಂದು ಘನ ಅಡಿ ಅನಿಲಕ್ಕೆ 3 ಕ್ಯಾಂಡಲ್ ಆಸುಪಾಸು ಕೊಡುತ್ತಿದ್ದರೆ ಮ್ಯಾಂಟಲ್ ಬರ್ನರ್ 15ರಿಂದ 20 ಕೊಟ್ಟಿತು.

ತಲೆಕೆಳಗಾದ ಬರ್ನರ್ ಇಪ್ಪತ್ತನೆಯ ಶತಮಾನದ ಆರಂಭದ ದೊಡ್ಡ ಹೆಜ್ಜೆ. ನೆಟ್ಟಗಿನ ದೀಪದಲ್ಲಿ ಬರ್ನರಿನ ನೆರಳು ಕೆಳಗೆ ಬೀಳುತ್ತಿತ್ತು, ಬೆಳಕು ಬೇಕಾದದ್ದೂ ಅಲ್ಲಿಯೇ. ತಲೆಕೆಳಗು ಮಾಡಿದರೆ ನೆರಳಿಲ್ಲ. ಪಿಂಗಾಣಿ ಉಂಗುರದಿಂದ ತೂಗುವ ಪುಟ್ಟ ಬಲೆ ಗಟ್ಟಿ, ರೈಲು ಡಬ್ಬಿಯ ಅಲುಗಾಟಕ್ಕೂ ತಾಳುತ್ತದೆ. ಕಷ್ಟ ಇದ್ದದ್ದು ಬೇರೆ ಕಡೆ. ಬಿಸಿ ಮಿಶ್ರಣ ಮೇಲಕ್ಕೇರಲು ನೋಡುತ್ತದೆ, ಅದನ್ನು ಕೆಳಕ್ಕೆ ತಳ್ಳಬೇಕು. ಉರಿದುಹೋದ ಅನಿಲ ಮೇಲೇರಿ ಗಾಳಿಯ ಕಿಂಡಿಗೇ ನುಗ್ಗುತ್ತದೆ, ಆಗ ಉರಿ ಸೊರಗುತ್ತದೆ. ನಳಿಕೆ ಕಾದು ಗಾಳಿಯ ಸೆಳೆತ ಕುಗ್ಗುತ್ತದೆ. ಇದಕ್ಕೆ ಕಂಡುಕೊಂಡ ದಾರಿಗಳು: ಹೊಗೆಯನ್ನು ಪಕ್ಕಕ್ಕೆ ಸರಿಸುವ ತಗಡಿನ ಮರೆ, ಗಾಳಿಕಿಂಡಿಗಳನ್ನು ದೂರಕ್ಕೆ ಒಯ್ಯುವುದು, ಪಿಂಗಾಣಿಯ ಬಾಯಿ. ಮಿಶ್ರಣ ಉರಿಯುವ ಮೊದಲೇ ತುಸು ಬಿಸಿಯಾದರೆ ಉರಿಯ ಕಾವು ಏರುವ ಲಾಭವೂ ಇದೆ. ಲಾಭ, ನಷ್ಟ ಎರಡೂ ಒಂದೇ ಕಾರಣದಿಂದ ಹುಟ್ಟುವ ಕಾರಣ ವಿವರಣಾತ್ಮಕ ಪ್ರಶ್ನೆಗೆ ಇದು ಹೇಳಿ ಮಾಡಿಸಿದ ವಿಷಯ.

ಅಧಿಕ ಒತ್ತಡದ ದೀಪಗಳು: ಸಾಮಾನ್ಯ ಒತ್ತಡ ನೀರಿನ ಸ್ತಂಭದ ಎತ್ತರದ ಲೆಕ್ಕದಲ್ಲಿ 5ರಿಂದ 8 ಸೆಂ.ಮೀ. ಇದ್ದರೆ ಇವುಗಳಲ್ಲಿ 1 ಮೀಟರಿಗಿಂತ ಹೆಚ್ಚು. ಲಂಡನ್ನಿನ ಕೀತ್ ದೀಪ ಪ್ರಸಿದ್ಧ. ಘನ ಅಡಿಗೆ 30 ಕ್ಯಾಂಡಲಿಗಿಂತ ಹೆಚ್ಚು ಬೆಳಕು.

ಪೆಟ್ರೊಮ್ಯಾಕ್ಸ್: ಬರ್ಲಿನ್ನಿನ ಎರಿಖ್ ಅಂಡ್ ಗ್ರೇಟ್ಸ್ ಕಂಪನಿ, 1910ರ ಸುಮಾರು. ಪಂಪು ಹೊಡೆದು ಒತ್ತಡ ತುಂಬಿದ ಸೀಮೆಎಣ್ಣೆ ಕಾದ ಕೊಳವೆಯಲ್ಲಿ ಆವಿಯಾಗಿ ನಿಪ್ಪಲಿನಿಂದ ಚಿಮ್ಮುತ್ತದೆ. ಮುಂದಿನದೆಲ್ಲ ತಲೆಕೆಳಗಾದ ಅನಿಲ ಬರ್ನರಿನ ಕಥೆಯೇ. ಯಕ್ಷಗಾನದ ರಂಗಸ್ಥಳದಲ್ಲಿ ದೀವಟಿಗೆಯ ಜಾಗಕ್ಕೆ ಬಂದ ಗ್ಯಾಸ್‌ಲೈಟು ಇದು.

ಅನಿಲ ಬದಲಾದರೆ ಬರ್ನರೂ ಬದಲಾಗಬೇಕು

ಒಂದು ಪಾಲು ಅನಿಲ ಪೂರ್ತಿ ಉರಿಯಲು ಬೇಕಾದ ಗಾಳಿ: ಕಲ್ಲಿದ್ದಲ ಅನಿಲಕ್ಕೆ ಸುಮಾರು 5 ಪಾಲು, ಮೀಥೇನಿಗೆ 9.5, ಪ್ರೊಪೇನಿಗೆ 24, ಬ್ಯೂಟೇನಿಗೆ 31. ಕಲ್ಲಿದ್ದಲ ಅನಿಲದಲ್ಲಿ ಹೆಚ್ಚುಕಡಿಮೆ ಅರ್ಧ ಹೈಡ್ರೊಜನ್ ಇತ್ತು. ಹೈಡ್ರೊಜನ್ ಉರಿ ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 3 ಮೀಟರ್ ವೇಗದಲ್ಲಿ ಹಬ್ಬಿದರೆ ಮೀಥೇನ್ ಉರಿಯದು ಬರೀ 40 ಸೆಂ.ಮೀ. ಹೀಗಾಗಿ ಹಳೆಯ ಬರ್ನರಿಗೆ ಹಿಮ್ಮುಖ ಉರಿಯ ಭಯವಿದ್ದರೆ ನೈಸರ್ಗಿಕ ಅನಿಲದ ಬರ್ನರಿಗೆ ಉರಿ ತೇಲಿಹೋಗುವ ಭಯ. ನೈಸರ್ಗಿಕ ಅನಿಲದ ಶಾಖವೂ ಸುಮಾರು ಎರಡು ಪಟ್ಟು. ಆದ್ದರಿಂದ ರಂಧ್ರ ಕಿರಿದಾಗಬೇಕು, ಗಾಳಿಕಿಂಡಿ ಹಿರಿದಾಗಬೇಕು. ಬ್ರಿಟನ್ 1967–77ರ ನಡುವೆ ದೇಶದ ಎಲ್ಲ ಅನಿಲ ಒಲೆ, ದೀಪಗಳನ್ನು ಹೀಗೆ ಬದಲಿಸಿತು. ವೂಸ್ಟರ್‌ಷೈರಿನ ಮಾಲ್ವರ್ನ್ ಊರಿನವರು ಈ ಶತಮಾನದಲ್ಲಿ ತಮ್ಮ ಹಳೆಯ ಗ್ಯಾಸ್ ಬೀದಿದೀಪಗಳನ್ನು ಕಿತ್ತುಹಾಕದೆ ಬರ್ನರುಗಳನ್ನೇ ತಿದ್ದಿ, ಕಡಿಮೆ ಅನಿಲದಲ್ಲಿ ಹೆಚ್ಚು ಬೆಳಕು ಪಡೆದರು.

ಬೇರೆ ಬೇರೆ ಅನಿಲಗಳನ್ನು ಒಂದೇ ಬರ್ನರಿನಲ್ಲಿ ಹೋಲಿಸಲು ವಾಬ್ ಸೂಚ್ಯಂಕ ಬಳಸುತ್ತಾರೆ. ಅದು ಉಷ್ಣಮೌಲ್ಯವನ್ನು ಸಾಪೇಕ್ಷ ಸಾಂದ್ರತೆಯ ವರ್ಗಮೂಲದಿಂದ ಭಾಗಿಸಿದಾಗ ಬರುವ ಸಂಖ್ಯೆ.

ಗೋಬರ್ ಗ್ಯಾಸ್ ದೀಪ: ಲೆಕ್ಕದ ಸಮೇತ

ಗೋಬರ್ ಗ್ಯಾಸಿನಲ್ಲಿ ಮೀಥೇನ್ ಶೇ. 55ರಿಂದ 65, ಉಳಿದದ್ದು ಬಹುಪಾಲು ಇಂಗಾಲದ ಡೈಆಕ್ಸೈಡ್. ಈ ಡೈಆಕ್ಸೈಡ್ ಉರಿಯುವುದಿಲ್ಲ, ಕಾವನ್ನು ಮಾತ್ರ ಹೀರುತ್ತದೆ. ಉರಿ ಹಬ್ಬುವ ವೇಗ ಶುದ್ಧ ಮೀಥೇನಿಗಿಂತಲೂ ಕಡಿಮೆ. ಅಡುಗೆ ಸಿಲಿಂಡರಿನ ಅನಿಲಕ್ಕೆ ಮಾಡಿದ ದೀಪವನ್ನು ಹಾಗೆಯೇ ಗೋಬರ್ ಗ್ಯಾಸಿಗೆ ಜೋಡಿಸಿದರೆ ಸರಿಯಾಗಿ ಉರಿಯದಿರಲು ಇವೇ ಕಾರಣ.

ನಮ್ಮಲ್ಲಿ ಬಳಸುವ ಅಂದಾಜು: 100 ಕ್ಯಾಂಡಲ್ ಪವರ್ ದೀಪಕ್ಕೆ ಗಂಟೆಗೆ 0.13 ಘನ ಮೀಟರ್. ಮೇಲೆ ಹೇಳಿದ ಲಂಡನ್ನಿನ ತೆರೆದ ಉರಿ ಹೆಚ್ಚುಕಡಿಮೆ ಇಷ್ಟೇ ಅನಿಲಕ್ಕೆ ಕೊಡುತ್ತಿದ್ದುದು 16 ಕ್ಯಾಂಡಲ್.

ದಕ್ಷತೆ: ಘನ ಮೀಟರಿಗೆ 20 ಮೆಗಾಜೂಲ್ ಎಂದಿಟ್ಟುಕೊಂಡರೆ 0.13 × 20 = ಗಂಟೆಗೆ 2.6 ಮೆಗಾಜೂಲ್, ಅಂದರೆ ಸುಮಾರು 720 ವ್ಯಾಟ್. 100 ಕ್ಯಾಂಡಲ್ ಬೆಳಕು ಎಲ್ಲ ದಿಕ್ಕಿಗೂ ಸಮನಾಗಿ ಹರಡಿದರೆ ಸುಮಾರು 1,257 ಲ್ಯೂಮೆನ್. ಭಾಗಿಸಿದರೆ ವ್ಯಾಟಿಗೆ 1.7 ಲ್ಯೂಮೆನ್. ಹಳೆಯ 60 ವ್ಯಾಟ್ ಬಲ್ಬು ಕೂಡ ವ್ಯಾಟಿಗೆ ಸುಮಾರು 12 ಕೊಡುತ್ತಿತ್ತು.

ಅದೇ 720 ವ್ಯಾಟ್ ಶಾಖವನ್ನು ಶೇ. 20 ದಕ್ಷತೆಯ ಎಂಜಿನ್–ಜನರೇಟರಿಗೆ ಕೊಟ್ಟರೆ 144 ವ್ಯಾಟ್ ವಿದ್ಯುತ್ ಸಿಗುತ್ತದೆ. ವ್ಯಾಟಿಗೆ 50 ಲ್ಯೂಮೆನ್ ಕೊಡುವ ಟ್ಯೂಬ್‌ಲೈಟಿನಲ್ಲಿ ಅದು 7,200 ಲ್ಯೂಮೆನ್, ಐದು ಪಟ್ಟಿಗಿಂತ ಹೆಚ್ಚು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ‘ಅಸ್ತ್ರ’ ಕೇಂದ್ರ ಕುಣಿಗಲ್ ತಾಲ್ಲೂಕಿನ ಪುರ ಗ್ರಾಮದಲ್ಲಿ 1987ರಿಂದ ಹಿಡಿದದ್ದು ಈ ದಾರಿ: ಊರ ಸಗಣಿಯ ಅನಿಲ, ಜೊತೆಗೆ ಸ್ವಲ್ಪ ಡೀಸೆಲ್, ಎಂಜಿನ್, ಮನೆಮನೆಗೆ ಟ್ಯೂಬ್‌ಲೈಟು. ನನ್ನ ಮಟ್ಟಿಗೆ ಮ್ಯಾಂಟಲಿನ ಮಿತಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಡ.

ದೀಪ ಕೆಟ್ಟಾಗ ಗುರುತುಗಳು: ಬಲೆ ಕಪ್ಪಾದರೆ ಗಾಳಿ ಸಾಲದು. ಉರಿ ಬಲೆಯ ಹೊರಗೆ ಚಾಚಿದರೆ ಅನಿಲ ಹೆಚ್ಚು. ಉರಿ ಬಾಯಿಂದ ಎದ್ದರೆ ಗಾಳಿ ಅಥವಾ ವೇಗ ಹೆಚ್ಚು. ಪಟಪಟ ಮಿಣುಕಿದರೆ ಕೊಳವೆಯಲ್ಲಿ ನೀರು ನಿಂತಿದೆ. ಸ್ಥಿರ ಗುಮ್ಮಟದ ಸ್ಥಾವರದಲ್ಲಿ ಒತ್ತಡ ಏರಿಳಿಯುವುದರಿಂದ ಕವಾಟವನ್ನು ಆಗಾಗ ಹೊಂದಿಸಬೇಕು.

ಭಾರತದ ಕೊಂಡಿಗಳು

ಕಲ್ಕತ್ತೆಯ ಬೀದಿಗೆ ಅನಿಲ ದೀಪ ಬಂದದ್ದು 1857ರಲ್ಲಿ. ಬೆಂಗಳೂರು ಆ ಘಟ್ಟ ಹಾಯದೆ ಸೀಮೆಎಣ್ಣೆಯಿಂದ ನೇರ ವಿದ್ಯುತ್ತಿಗೆ ಜಿಗಿಯಿತು: 1905ರ ಆಗಸ್ಟ್ 5, ಶಿವನಸಮುದ್ರದ ವಿದ್ಯುತ್. ತಿರುವಾಂಕೂರಿನ ಕರಾವಳಿ ಮರಳಿನಲ್ಲಿ ಮೊನಜೈಟ್ ಇರುವುದನ್ನು 1909ರಲ್ಲಿ ಗುರುತಿಸಿದವನು ಜರ್ಮನ್ ರಸಾಯನಜ್ಞ ಷೋಂಬರ್ಗ್. ತೆಂಗಿನ ನಾರಿಗೆ ಅಂಟಿ ಯುರೋಪಿಗೆ ಹೋದ ಮರಳು ಸುಳಿವು ಕೊಟ್ಟಿತ್ತು. ಯುರೋಪಿನ ಮ್ಯಾಂಟಲುಗಳಿಗೆ ಬೇಕಾದ ಥೋರಿಯಂ ಅದರಿಂದಲೇ ಹೋಗತೊಡಗಿತು. ಮಹಾರಾಷ್ಟ್ರದ ಫಲ್ಟಣ್‌ನ ನಿಂಬಕರ್ ಕೃಷಿ ಸಂಶೋಧನಾ ಸಂಸ್ಥೆ ‘ನೂರಿ’ ಎಂಬ ಸುಧಾರಿತ ಮ್ಯಾಂಟಲ್ ಲಾಟೀನು ರೂಪಿಸಿತು.

ಸುರಕ್ಷತೆ: ಥೋರಿಯಂ–232 ವಿಕಿರಣಶೀಲ, ಅರ್ಧಾಯುಷ್ಯ ಸುಮಾರು 1,400 ಕೋಟಿ ವರ್ಷ. ಅದಕ್ಕಾಗಿ ಹಲವು ತಯಾರಕರು ಇಟ್ರಿಯಂ ಆಕ್ಸೈಡಿಗೆ ಬದಲಾಗಿದ್ದಾರೆ. ಕಾಲೇಜಿನ ಪ್ರಯೋಗಾಲಯದಲ್ಲೋ ಮನೆಯ ಅಟ್ಟದಲ್ಲೋ ಹಳೆಯ ಮ್ಯಾಂಟಲ್ ಸಿಕ್ಕರೆ ಅದರ ಪುಡಿಯನ್ನು ಬಾಯಿಂದ ಊದಬೇಡಿ, ಒದ್ದೆ ಬಟ್ಟೆಯಿಂದ ಒರೆಸಿ ತೆಗೆಯಿರಿ. ಕಿಟಕಿ ಮುಚ್ಚಿದ ಕೋಣೆಯಲ್ಲಿ ಮ್ಯಾಂಟಲ್ ದೀಪ ಹಚ್ಚಬೇಡಿ. ಗಾಳಿ ಸಾಲದ ಬರ್ನರ್ ಕಾರ್ಬನ್ ಮೊನಾಕ್ಸೈಡ್ ಉಗುಳುತ್ತದೆ.