ಕೇಳುವ ಕಿವಿ

ಧಾರವಾಡದಲ್ಲಿ ಸಿತಾರ್ ವಾದನಕ್ಕೆ ಭದ್ರವಾದ ನೆಲೆಯೊದಗಿಸಿದವರು ರಹಿಮತ್ ಖಾನರು. 1931ರಲ್ಲಿ ಅವರು ಅಲ್ಲಿ ಭಾರತೀಯ ಸಂಗೀತ ವಿದ್ಯಾಲಯವನ್ನು ಸ್ಥಾಪಿಸಿದರು. ಆದರೆ ಗುರು ಕಲಿಸಿದ ವಿದ್ಯೆ ಕೈಗೂಡಬೇಕಾದುದು ಮನೆಯ ಅಭ್ಯಾಸದಿಂದ.

ಅದೇ ಜಿಲ್ಲೆಯ ಮಿಶ್ರಿಕೋಟಿಯಂಥ ಊರಿನ ಬಾಲಕಿಯೊಬ್ಬಳು ಶಾಲೆಯ ವಾದ್ಯವೃಂದಕ್ಕಾಗಿ ಸಿತಾರ್ ಕಲಿಯತೊಡಗಿದಳೆನ್ನೋಣ. ತಂತಿಯನ್ನು ಒತ್ತಿ ಒತ್ತಿ ಎಡಗೈಯ ಬೆರಳು ಉರಿಯುತ್ತದೆ, ಸ್ವರ ಜಾರುತ್ತದೆ. ‘ಇದೇನು ಕರಕರ ಸದ್ದು!’ ಎಂದು ಮನೆಯವರು ನಕ್ಕರೆ ವಾದ್ಯವು ಮೂಲೆ ಸೇರುತ್ತದೆ. ಬೆರಳ ತುದಿ ಗಟ್ಟಿಯಾಗುವವರೆಗೆ ಕಲಿಯುವವಳಿಗಿರುವಷ್ಟೇ ತಾಳ್ಮೆ ಮನೆಯವರಿಗೂ ಬೇಕು.

‘ನಮಗೆ ಸಂಗೀತ ತಿಳಿಯದು, ನಾವೇನು ಮಾಡಬಲ್ಲೆವು?’ ಎಂದು ತಂದೆತಾಯಿಗಳು ಕೇಳಬಹುದು. ಸಂಗೀತ ಬಲ್ಲ ತಾಯಿಯೊಬ್ಬರು ಮಾಡಿದುದನ್ನು ನೋಡಿರಿ. ಗಂಗೂಬಾಯಿ ಹಾನಗಲ್ಲರ ತಾಯಿ ಅಂಬಾಬಾಯಿಯವರು ಕರ್ನಾಟಕ ಸಂಗೀತದಲ್ಲಿ ನುರಿತ ಗಾಯಕಿ. ಮಗಳು ಹಿಂದೂಸ್ತಾನಿ ಪದ್ಧತಿಯನ್ನು ಹಿಡಿದಾಗ, ಅವಳ ಹಾಡಿಕೆಯಲ್ಲಿ ಎರಡೂ ಬೆರೆಯಬಾರದೆಂದು ಅವರು ತಮ್ಮ ಗಾಯನವನ್ನೇ ನಿಲ್ಲಿಸಿದರು. ಮಗಳಿಗೆ ಅವರು ಕೊಟ್ಟುದು ಪಾಠವನ್ನಲ್ಲ, ಕಲಿಯಲು ಬೇಕಾದ ಎಡೆಯನ್ನು.

ಅಂಥ ಎಡೆಮಾಡಿಕೊಡಲು ರಾಗಜ್ಞಾನ ಬೇಕಿಲ್ಲ. ನಿತ್ಯವೂ ಒಂದೇ ಹೊತ್ತಿಗೆ ಅರ್ಧ ಗಂಟೆಯ ಬಿಡುವು, ಮಳೆಗಾಲದ ತೇವ ತಾಗದಂತೆ ವಾದ್ಯವನ್ನಿಡಲು ಒಂದು ಜಾಗ, ‘ಇನ್ನೊಮ್ಮೆ ಬಾರಿಸವ್ವಾ, ಕೇಳೋಣ’ ಎಂಬ ಒಂದು ಮಾತು, ಇಷ್ಟು ಸಾಕು. ವಾದ್ಯವೃಂದದಲ್ಲಿ ಒಂದು ತಂತಿ ಶ್ರುತಿ ತಪ್ಪಿದರೂ ಒಟ್ಟು ನಾದ ಕೆಡುತ್ತದೆ. ಒಬ್ಬಳ ಮನೆಯಲ್ಲಿ ನಡೆದ ಅಭ್ಯಾಸವು ಎಲ್ಲರನ್ನೂ ಕಾಯುತ್ತದೆ.

ವಿದ್ಯಾರ್ಥಿಗಳೇ, ನಿಮ್ಮ ತಮ್ಮನೋ ತಂಗಿಯೋ ವಾದ್ಯ ಹಿಡಿದು ಕುಳಿತರೆ, ನಗುವ ಮೊದಲು ಅರೆಗಳಿಗೆ ಕಿವಿಗೊಟ್ಟು ಕೇಳಿರಿ. ಇಂದು ತಪ್ಪಿದ ಸ್ವರವನ್ನು ನಾಳೆ ಸರಿಪಡಿಸುವ ಧೈರ್ಯ ಅವರಿಗೆ ಅದರಿಂದ ಬರುತ್ತದೆ.